ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಕಂಬಿ ಪಕ್ಕ ಸೈಕಲ್, ಹೊಳೆ ಪಕ್ಕ ಟೆಂಟ್: ಆಗುತ್ತಾ?

ವಿನೋಬನಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ನಮ್ಮ ಭಾವ ಅಮೆರಿಕದಲ್ಲಿದ್ದಾರೆ. ಈಚೆಗೆ ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್ ಅನ್ನೋ ಊರಿಗೆ ಸೈಕಲ್ಲಿನಲ್ಲಿ ಹೋದರು. ಗ್ರೇಟ್ ಅಲೆಗೇನಿ ಪ್ಯಾಸೇಜ್ ಅಂತ ಆ ದಾರಿಗೆ ಹೆಸರು, ಸುಮಾರು 240 ಕಿಲೋಮೀಟರ್. ಹಿಂದೆ ರೈಲು ಓಡುತ್ತಿದ್ದ ದಾರಿ. ರೈಲು ನಿಂತ ಮೇಲೆ ಕಂಬಿ ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ಕಾರು, ಬೈಕು ಬರುವ ಹಾಗಿಲ್ಲ. ತುಂಬಾ ದೂರ ಯಾಕಗೇನಿ ಅನ್ನೋ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಒಂದು ಕಡೆ ಒಂದು ಕಿಲೋಮೀಟರ್ ಉದ್ದದ ಹಳೇ ಸುರಂಗ, ಅದರೊಳಗೂ ಸೈಕಲ್. ರಾತ್ರಿ ಹೊಳೆ ದಂಡೆಯಲ್ಲಿ ಟೆಂಟ್ ಹಾಕಲು ಅಲ್ಲಲ್ಲಿ ಜಾಗ ಇದೆ. ರೈಲಿನ ದಾರಿಯಾದ್ದರಿಂದ ಕಡಿದಾದ ಏರು ಇಲ್ಲ, ಹೊಟ್ಟೆ ಬಂದವರೂ ತುಳಿಯಬಹುದು ಅಂತಾರೆ ಭಾವ. ಅವರಿಗೆ ಹೊಟ್ಟೆ ಇದೆ, ನಂಬಬಹುದು.

ಆ ಫೋಟೋ ನೋಡಿದ ಮೇಲೆ ನನಗೂ ಚಿಕ್ಕಪ್ಪನ ಮಗನಿಗೂ ತಲೆ ಕೆಟ್ಟಿದೆ. ನಮ್ಮಲ್ಲೂ ರೈಲು ಇದೆ, ಹೊಳೆ ಇದೆ, ಕಾಡಂತೂ ಬೇಕಾದಷ್ಟಿದೆ. ಡಿಸೆಂಬರ್ ರಜೆಯಲ್ಲಿ ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ ಹೀಗೆ ಕಂಬಿ ಪಕ್ಕದ ಕಾಲುದಾರಿಯಲ್ಲೇ ಹೋಗಬಹುದಾ? ಚೋರಡಿ ಹೊಳೆ ಹತ್ತಿರ ಟೆಂಟ್ ಹಾಕಿದರೆ ಯಾರಾದರೂ ಕೇಳ್ತಾರಾ? ವಾಪಸ್ ಬರುವಾಗ ಸೈಕಲ್ ರೈಲಿಗೆ ಹಾಕಬಹುದಾ? ಇಬ್ಬರದ್ದೂ ಗೇರ್ ಸೈಕಲ್. ಟೆಂಟ್ ಆನ್‌ಲೈನಲ್ಲಿ ತರಿಸಿ ಆಗಿದೆ, ಈಗ ಸುಮ್ನೆ ಕೂರೋಕೆ ಮನಸ್ಸಿಲ್ಲ.

ಗಾಜನೂರು ಗೇಟ್

ಕಾಡಲ್ಲಿ ಹೊಳೆ ದಂಡೆ ಮೇಲೆ ಟೆಂಟ್ ಹಾಕಿದರೆ ರಾತ್ರಿ ಫಾರೆಸ್ಟ್‌ನವರು ಬರ್ತಾರೆ, ಇಲ್ಲ ಆನೆ ಬರುತ್ತದೆ. ಯಾರು ಮೊದಲು ಅನ್ನೋದು ನಿಮ್ಮ ಅದೃಷ್ಟ.

ಆನಂದಪುರದ ಪಂಚರ್ ಅಂಗಡಿ

ವಿನೋಬನಗರದವರೇ, ನಾನು ಆನಂದಪುರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ದೊಡ್ಡದೇನಲ್ಲ. ಪಂಚರ್, ಓವರ್‌ಹಾಲ್, ಚಿಕ್ಕ ಮಕ್ಕಳ ಸೈಕಲ್ಲಿಗೆ ಸೈಡ್ ಚಕ್ರ ಕೂರಿಸುವುದು, ಇಷ್ಟೇ. ಮಳೆ ನಿಂತ ಮೇಲೆ ಜೋಗಕ್ಕೆ ಹೊರಟ ಸೈಕಲ್ಲಿನವರು ಏನಾದರೊಂದು ಮುರಿದುಕೊಂಡು ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ಅವರ ಬಾಯಲ್ಲಿ ಕೇಳಿದ್ದು, ನಾನೇ ತುಳಿದು ನೋಡಿದ್ದು ಎರಡೂ ಸೇರಿಸಿ ಹೇಳುತ್ತೇನೆ.

ಮೊದಲು ಕಂಬಿ ವಿಷಯ. ನಿಮ್ಮ ಭಾವ ಹೋದ ದಾರಿಯಲ್ಲಿ ರೈಲು ನಿಂತಿದೆ. ನಮ್ಮಲ್ಲಿ ದಿನಾ ಓಡುತ್ತದೆ. ಮೊದಲು ಇಲ್ಲಿ ಮೀಟರ್‌ಗೇಜ್ ಇತ್ತು. ಕೊನೆಕೊನೆಗೆ ರೈಲ್ ಬಸ್ ಅಂತ ಒಂದೇ ಡಬ್ಬಿಯ ಗಾಡಿ ಶಿವಮೊಗ್ಗ–ತಾಳಗುಪ್ಪ ನಡುವೆ ಓಡಾಡುತ್ತಿತ್ತು. ಆಮೇಲೆ ಬ್ರಾಡ್‌ಗೇಜ್ ಆಯಿತು. ಹಳೇ ಏರಿಯನ್ನೇ ಅಗಲ ಮಾಡಿ ಬಹುಪಾಲು ಅದರ ಮೇಲೇ ಹೊಸ ಕಂಬಿ ಹಾಕಿದರು. ಹಾಗಾಗಿ ಸೈಕಲ್ಲಿಗೆ ಅಂತ ಉಳಿದ ಹಳೇ ದಾರಿ ಇಲ್ಲ. ಕಂಬಿ ಪಕ್ಕ ಹೋಗುವುದು ಕಾನೂನಿನ ಪ್ರಕಾರ ಅತಿಕ್ರಮ ಪ್ರವೇಶ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಅದಕ್ಕೇ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕಾನೂನು ಬಿಡಿ, ಸೈಕಲ್ಲೇ ಹೋಗುವುದಿಲ್ಲ. ಕಂಬಿ ಪಕ್ಕ ಜಲ್ಲಿ ಜಾರಿ ಬಿದ್ದಿರುತ್ತದೆ. ಲೋಡು ಹಾಕಿದ ಹಿಂದಿನ ಚಕ್ರ ಅದರಲ್ಲಿ ಹೂತು ಹೋಗುತ್ತದೆ. ಇನ್ನು ಕಟಿಂಗ್ ಇರುವ ಕಡೆ, ಅಂದರೆ ಗುಡ್ಡ ಕಡಿದು ಕಂಬಿ ಹಾಕಿದ ಕಡೆ, ಎರಡೂ ಪಕ್ಕ ಎತ್ತರದ ದರೆ. ಮಧ್ಯ ಇರುವಾಗ ತಿರುವಿನಲ್ಲಿ ರೈಲು ಬಂದರೆ ನೀವು ದರೆ ಹತ್ತಬಹುದು, ಸೈಕಲ್ ಹತ್ತುವುದಿಲ್ಲ. ಆ ಆಸೆ ಪೂರ್ತಿ ಬಿಟ್ಟುಬಿಡಿ.

ಈಗ ಹೊಳೆ. ನಮ್ಮ ಲೈನಿನಲ್ಲಿ ಶಿವಮೊಗ್ಗ ದಾಟಿದ ಮೇಲೆ ದೊಡ್ಡ ಹೊಳೆ ಇಲ್ಲವೇ ಇಲ್ಲ. ಚೋರಡಿಯಲ್ಲಿ ಸಿಗುವುದು ಕುಮುದ್ವತಿ. ಮಳೆಗಾಲದಲ್ಲಿ ಜೋರು, ಡಿಸೆಂಬರಿಗೆ ಕಲ್ಲು ಕಾಣುತ್ತಿರುತ್ತದೆ. ಆಮೇಲೆ ನೀರು ಅಂತ ಸಿಗುವುದು ಸಾಗರ, ತಾಳಗುಪ್ಪದ ಆಚೆ ಶರಾವತಿ ಹಿನ್ನೀರು. ಹೊಳೆ ಬೇಕು ಅಂದರೆ ತುಂಗೆಯ ಪಕ್ಕದ ತೀರ್ಥಹಳ್ಳಿ ರೋಡು, ರೈಲು ಬೇಕು ಅಂದರೆ ಸಾಗರ ರೋಡು. ಎರಡೂ ಒಂದೇ ಕಡೆ ಸಿಗಲ್ಲ ಮಾರಾಯ್ರೆ.

ಅದಕ್ಕೇ ನಾನು ಬಂದವರಿಗೆ ಹೇಳುವುದು ಇಷ್ಟು: ಹೋಗುವಾಗ ಹೊಳೆ ಹಿಡಿಯಿರಿ, ಬರುವಾಗ ರೈಲು ಹಿಡಿಯಿರಿ.

ಶಿವಮೊಗ್ಗದಿಂದ ಬೆಳಕು ಹರಿಯುತ್ತಲೇ ಹೊರಟರೆ ಗಾಜನೂರು, ಸಕ್ರೆಬೈಲು. ಆನೆ ಬಿಡಾರದಲ್ಲಿ ಬೆಳಗ್ಗೆ ಹೊತ್ತು ಆನೆಗಳನ್ನು ನೀರಿಗೆ ಇಳಿಸುತ್ತಾರೆ, ತಡ ಮಾಡಿದರೆ ಕಾಡಿಗೆ ಬಿಟ್ಟಾಗಿರುತ್ತದೆ. ಮುಂದೆ ಮಂಡಗದ್ದೆ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ, ಆದರೆ ಅದು ಮಳೆಗಾಲದ ಮಾತು. ಡಿಸೆಂಬರಿನಲ್ಲಿ ಹೋಗಿ ಹಕ್ಕಿ ಇಲ್ಲ ಅಂತ ಬೈಯಬೇಡಿ. ಗಾಜನೂರು ದಾಟಿದ ಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಕಾಡಾನೆ ಓಡಾಡುವ ಜಾಗ. ಸಂಜೆ ಐದರ ಮೇಲೆ ಆ ರಸ್ತೆಯಲ್ಲಿ ಸೈಕಲ್ ಬೇಡ. ತೀರ್ಥಹಳ್ಳಿಗೆ ಒಟ್ಟು 60 ಕಿಲೋಮೀಟರ್ ಆಸುಪಾಸು. ಅಲ್ಲಿ ಲಾಡ್ಜ್ ಸಿಗುತ್ತದೆ. ಒಂದು ನೋಡಿಕೊಳ್ಳಿ, ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಹೋದರೆ ರಾಮತೀರ್ಥದ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಮಾತು ದೂರ. ಅದು ಡಿಸೆಂಬರ್–ಜನವರಿಯಲ್ಲೇ ಬರುತ್ತದೆ. ಕ್ಯಾಲೆಂಡರ್ ನೋಡಿ ಹೊರಡಿ.

ಮಾರನೇ ದಿನ ಕೋಣಂದೂರು, ಹೊಂಬುಜ, ರಿಪ್ಪನ್‌ಪೇಟೆ, ಆಮೇಲೆ ನಮ್ಮ ಆನಂದಪುರ. ಈ ದಾರಿ ನನಗೆ ಬಹಳ ಇಷ್ಟ. ಘಾಟಿ ಇಲ್ಲ, ಆದರೆ ಸಮತಟ್ಟೂ ಇಲ್ಲ. ತೋಟದ ಕಣಿವೆಗೆ ಇಳಿ, ದಿಬ್ಬ ಹತ್ತು, ಮತ್ತೆ ಇಳಿ. ಭಾವನ ರೈಲು ದಾರಿಯ ಸುಖ ಇಲ್ಲಿ ಇಲ್ಲ. ಗೇರ್ ಇರುವುದೇ ಇಂಥ ಕಡೆ ಬಳಸಲು ಅಲ್ವಾ? ಡಿಸೆಂಬರಿನಲ್ಲಿ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಮನೆಯಂಗಳಗಳಲ್ಲಿ ಅಡಿಕೆ ಬೇಯಿಸುವ ಹಂಡೆ ಉರಿಯುತ್ತಿರುತ್ತದೆ, ರಸ್ತೆಗೇ ಚೊಗರಿನ ವಾಸನೆ ಬರುತ್ತದೆ. ಹೊಂಬುಜದಲ್ಲಿ ಜೈನ ಮಠ ಇದೆ, ಯಾತ್ರಿಕರಿಗೆ ಉಳಿಯಲು ವ್ಯವಸ್ಥೆಯೂ ಇದೆ. ಚೋರಡಿಯಲ್ಲಿ ಟೆಂಟ್ ಹಾಕಬೇಕೆಂದಿದ್ದಿರಲ್ಲ, ಆ ಕುಮುದ್ವತಿ ಹುಟ್ಟುವುದೂ ಹೊಂಬುಜದ ಹತ್ತಿರ ಬಿಲ್ಲೇಶ್ವರದಲ್ಲಿ. ರಿಪ್ಪನ್‌ಪೇಟೆಯಿಂದ ಮನಸ್ಸಿದ್ದರೆ ಅರಸಾಳು ಸ್ಟೇಷನ್ ಕಡೆ ತಿರುಗಿ. ಹಳೇ ಸ್ಟೇಷನ್ ಕಟ್ಟಡವನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಕಂಬಿಯ ಆಸೆ ಅಲ್ಲಿ ತೀರಿಸಿಕೊಳ್ಳಿ, ಪ್ಲಾಟ್‌ಫಾರ್ಮ್ ಮೇಲೆ ಕೂತು ನೋಡಲು ಯಾರೂ ಬೇಡ ಅನ್ನುವುದಿಲ್ಲ.

ಆನಂದಪುರದಲ್ಲಿ ಹೊತ್ತು ಉಳಿದರೆ ಮಲಂದೂರಿನ ಚಂಪಕ ಸರಸಿ ಕೊಳ ನೋಡಿ. ಮೂರನೇ ದಿನ ಇಲ್ಲಿಂದ ಸಾಗರ ಸುಮಾರು 25 ಕಿಲೋಮೀಟರ್. ಇದು ಬಿ.ಎಚ್. ರೋಡು, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ದೊಡ್ಡ ಗಾಡಿ ಜಾಸ್ತಿ. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ಸಾಗರ ಸೇರಿ. ರಾತ್ರಿ ಮಾತ್ರ ಈ ರೋಡಿಗೆ ಇಳಿಯಲೇಬೇಡಿ. ಬೆಂಗಳೂರು ಬಸ್ಸುಗಳು ಹೊಡೆಯುವ ಸ್ಪೀಡಿಗೆ ಪಕ್ಕದಲ್ಲಿ ಹೋಗುವ ಸೈಕಲ್ ಅಲ್ಲಾಡಿಬಿಡುತ್ತದೆ. ಸಾಗರದಿಂದ ಇಕ್ಕೇರಿ ಒಳದಾರಿ, ಆರು ಕಿಲೋಮೀಟರ್ ಅಷ್ಟೇ. ಆಮೇಲೆ ತಾಳಗುಪ್ಪ, ಲೈನಿನ ಕೊನೇ ಸ್ಟೇಷನ್.

ಇನ್ನು ಸೈಕಲ್. ನನ್ನ ಹತ್ತಿರ ಬರುವ ಗೇರ್ ಸೈಕಲ್ಲುಗಳಲ್ಲಿ ಹೆಚ್ಚಿನವು ನಿಲ್ಲುವುದು ಎರಡೇ ಕಾರಣಕ್ಕೆ. ಒಂದು, ವಾಲ್ವ್. ನಿಮ್ಮ ಟ್ಯೂಬಿನದು ಪೆನ್ನಿನ ರೀಫಿಲ್ಲಿನ ಹಾಗೆ ಸಪೂರ ಇದ್ದು, ತುದಿಯಲ್ಲಿ ಸಣ್ಣ ನಟ್ ಇದ್ದರೆ ಅದು ಪ್ರೆಸ್ಟಾ. ಕೋಣಂದೂರಲ್ಲಾಗಲಿ ರಿಪ್ಪನ್‌ಪೇಟೆಯಲ್ಲಾಗಲಿ ಅಂಗಡಿಯ ಪಂಪ್ ಅದಕ್ಕೆ ಕೂರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಎರಡು ಇಟ್ಟುಕೊಳ್ಳಿ, ಒಂದು ಖಂಡಿತ ಹುಲ್ಲಿಗೆ ಬಿದ್ದು ಹೋಗುತ್ತದೆ. ಎರಡು, ಕ್ಯಾರಿಯರ್. ಅಲ್ಯುಮಿನಿಯಂ ಕ್ಯಾರಿಯರ್ ಮೇಲೆ ಟೆಂಟು, ಬಟ್ಟೆ, ಪಾತ್ರೆ ಎಲ್ಲ ಒಂದೇ ಪಕ್ಕ ಕಟ್ಟುತ್ತಾರೆ. ರಸ್ತೆಯ ಕುಲುಕಿಗೆ ಹಿಂದಿನ ಚಕ್ರದ ಹಬ್ಬಿನ (ನಡುಭಾಗದ) ಹತ್ತಿರದ ಐದು ಎಂಎಂ ಬೋಲ್ಟ್ ಸಡಿಲಾಗಿ ಎಲ್ಲೋ ಬಿದ್ದುಹೋಗುತ್ತದೆ. ಆಗ ಕ್ಯಾರಿಯರಿನ ಕಾಲು ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಹೊರಡುವ ಮುಂಚೆ ಬೋಲ್ಟ್ ಬಿಚ್ಚಿ, ನೈಲಾನ್ ಇರುವ ಲಾಕ್ ನಟ್ ಹಾಕಿ ಬಿಗಿ ಮಾಡಿ. ಹಳೇ ಟ್ಯೂಬ್ ಒಂದನ್ನು ಬೆರಳಗಲ ಪಟ್ಟಿ ಸೀಳಿ ಬ್ಯಾಗಲ್ಲಿ ಹಾಕಿಕೊಳ್ಳಿ. ಕ್ಯಾರಿಯರಿನ ಕಾಲು ಮುರಿದರೆ ಒಂದು ಗಟ್ಟಿ ಕಡ್ಡಿ ಕೊಟ್ಟು ಆ ಪಟ್ಟಿಯನ್ನು ಎಳೆದೆಳೆದು ಸುತ್ತಿ. ಸಾಗರದವರೆಗೆ ಬರುತ್ತದೆ. ಡಿಸ್ಕ್ ಬ್ರೇಕಿನ ಪ್ಯಾಡ್ ನನ್ನ ಹತ್ತಿರ ಸಿಗಲ್ಲ, ದಾರಿಯಲ್ಲೂ ಸಿಗಲ್ಲ. ಶಿವಮೊಗ್ಗದಲ್ಲೇ ನೋಡಿಕೊಂಡು ಬನ್ನಿ.

ಟೆಂಟ್ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ನನ್ನ ಮಾತು ಇಷ್ಟೇ, ಕಾಡಲ್ಲಿ ಬೇಡ. ಗಾಜನೂರು ಅಣೆಕಟ್ಟಿನ ಕೆಳಗೆ ಹೊಳೆಯ ಮರಳಿನ ಮೇಲೂ ಬೇಡ, ಗೇಟ್ ಎತ್ತಿದರೆ ನೀರು ಏರುತ್ತದೆ. ಊರೊಳಗೆ ಹೋಗಿ ಕೇಳಿ. ದೇವಸ್ಥಾನದ ಪೌಳಿ, ಇಲ್ಲ ಯಾರದಾದರೂ ಅಡಿಕೆ ಒಣಗಿಸುವ ಅಂಗಳದ ಮೂಲೆ ಸಿಗುತ್ತದೆ. ಕೊಯ್ಲಿನ ಹೊತ್ತಲ್ಲಿ ರಾತ್ರಿಯೆಲ್ಲಾ ಜನ ಎದ್ದಿರುತ್ತಾರೆ, ಕಾಫಿಗೂ ಕೊರತೆ ಇಲ್ಲ.

ಲ್ಯಾಬಿನವಳು, ಸಾಗರ

ಪಂಚರ್ ಅಂಗಡಿಯಣ್ಣ ನನ್ನ ಕಡೆ ಬೆರಳು ತೋರಿಸಿದ್ದಾರೆ, ಹೇಳಲೇಬೇಕು.

ನೀವು ಆರಿಸಿಕೊಂಡ ಡಿಸೆಂಬರ್ ನಮಗೆ ಮಂಗನ ಕಾಯಿಲೆಯ ಸೀಸನ್ ಶುರುವಾಗುವ ಹೊತ್ತು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಮಳೆ ನಿಂತ ಮೇಲೆ ಮರಿ ಉಣುಗು ತರಗೆಲೆಯಲ್ಲಿ ತುಂಬಿಕೊಳ್ಳುತ್ತದೆ. ಎಳ್ಳಿಗಿಂತ ಸಣ್ಣ, ಕಚ್ಚಿದ್ದು ಗೊತ್ತೇ ಆಗಲ್ಲ. ಮತ್ತೆ ಮಳೆ ಹಿಡಿಯುವವರೆಗೂ ಕಾಟ ಇರುತ್ತದೆ. 2018ರ ಕೊನೆಗೆ ಜೋಗದ ಹತ್ತಿರದ ಅರಳಗೋಡು ಭಾಗದಲ್ಲಿ ಶುರುವಾಗಿ ಸುಮಾರು ಜನ ತೀರಿಕೊಂಡರು. ಆ ವರ್ಷ ನಮ್ಮ ಲ್ಯಾಬಿಗೆ ಬಂದ ರಕ್ತದ ಸ್ಯಾಂಪಲ್ಲಿನ ಬಾಕ್ಸುಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ.

ಟೆಂಟ್ ಹಾಕುವವರು ಏನು ಮಾಡುತ್ತಾರೆ? ಮೆತ್ತಗಿರಲಿ ಅಂತ ತರಗೆಲೆ ಗುಡ್ಡೆ ಮಾಡಿ ಅದರ ಮೇಲೇ ಹಾಸುತ್ತಾರೆ. ಅದು ಉಣುಗಿನ ಮನೆ. ಮಲಗಲೇಬೇಕಾದರೆ ಗುಡಿಸಿದ ಅಂಗಳ, ಸಿಮೆಂಟ್ ಕಟ್ಟೆ, ಕೊಯ್ದು ಒಣಗಿದ ಗದ್ದೆ. ಬಿದಿರುಮೆಳೆ ಬುಡ, ಮಂಗ ಸತ್ತಿದೆ ಅಂತ ಸುದ್ದಿ ಇರುವ ಜಾಗ, ಇವು ಬೇಡವೇ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹತ್ತಿರದ ಆಸ್ಪತ್ರೆಗೋ ಪಂಚಾಯಿತಿಗೋ ಹೇಳಿ. ಸೈಕಲ್ಲಿನವರು ಚಡ್ಡಿ ಹಾಕುತ್ತಾರೆ, ಸರಿ, ರಸ್ತೆ ಮೇಲೆ ಪರವಾಗಿಲ್ಲ. ಮೂತ್ರಕ್ಕೆ ಅಂತ ಪೊದೆಗೆ ಇಳಿಯುವಾಗಲೇ ಹತ್ತಿಕೊಳ್ಳುವುದು. ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಸವರಿಕೊಳ್ಳಿ. ರಾತ್ರಿ ಬಿಸಿನೀರು ಸ್ನಾನ ಮಾಡಿ, ಹಾಕಿದ್ದ ಬಟ್ಟೆ ಬಿಸಿನೀರಲ್ಲಿ ಅದ್ದಿ, ಮೊಣಕಾಲಿನ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಜಾಗ ನೋಡಿಕೊಳ್ಳಿ.

ಕಚ್ಚಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಂದರೆ ನೀವು ಮನೆಗೆ ಹೋಗಿ ಕೆಲಸಕ್ಕೆ ಸೇರಿದ ಮೇಲೆ. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಮೊದಲ ಮಾತೇ ‘ಸಾಗರದ ಕಾಡಿಗೆ ಹೋಗಿದ್ದೆ’ ಅಂತ ಇರಲಿ. ಹಳೇ ಲಸಿಕೆ ಕೊಡುವುದು ಈಗ ನಿಂತಿದೆ, ಆದ್ದರಿಂದ ಹುಷಾರಾಗಿರುವುದೊಂದೇ ದಾರಿ.

ಹೆದರಿಸೋಕೆ ಹೇಳಿದ್ದಲ್ಲ. ನಾವೆಲ್ಲ ಇಲ್ಲೇ ಬದುಕ್ತಾ ಇದ್ದೇವೆ, ಅಲ್ವಾ? ಬನ್ನಿ, ಆದರೆ ಅಂಗಳದಲ್ಲಿ ಮಲಗಿ.

ಭದ್ರಾ ಹಿನ್ನೀರು

ಹಳಿ ಕಿತ್ತ ದಾರಿಯೇ ಬೇಕು ಅನ್ನುವವರಿಗೆ ಒಂದು ಮಾತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ ಎರಡಡಿ ಗೇಜಿನ ಪುಟ್ಟ ಟ್ರಾಮ್ ಇತ್ತು. ನಮ್ಮಜ್ಜ ಅದನ್ನು ಟ್ರಾಂ ಗಾಡಿ ಅಂತಲೇ ಹೇಳುತ್ತಿದ್ದರು. ಎಷ್ಟೋ ದಶಕದ ಹಿಂದೆಯೇ ನಿಂತುಹೋಯಿತು. ಕಾಗದದ ಮೇಲೆ ನೋಡಿದರೆ ನಿಮ್ಮ ಭಾವನ ದಾರಿಗೆ ಇದೇ ಜೋಡಿ.

ಆದರೆ ಸೈಕಲ್ ತರಬೇಡಿ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಆದ ಮೇಲೆ ಆ ಕಡೆಯ ಎಷ್ಟೋ ಊರು, ಗದ್ದೆ, ದಾರಿ ನೀರೊಳಗೆ ಹೋದವು. ಸುತ್ತಲಿನ ಕಾಡು 1998ರಿಂದ ಹುಲಿ ಮೀಸಲು. ಒಳಗೆ ಸೈಕಲ್ ಬಿಡುವ ಮಾತೇ ಇಲ್ಲ. ಹಳೇ ದಾರಿ ಹುಡುಕುತ್ತೇನೆ ಅಂತ ಹೋದರೆ ಕೇಸ್ ಆಗುತ್ತದೆ.

ಅಮೆರಿಕದವರ ಹಾಗೆ ಮಾಡಬಹುದಾದ ಜಾಗ ನಮ್ಮಲ್ಲಿ ಒಂದೇ ಒಂದು ಇದೆ ಅಂತ ನನ್ನ ಅನಿಸಿಕೆ. ಚಾನಲ್ ಏರಿ, ಅಂದರೆ ನೀರಾವರಿ ಕಾಲುವೆಯ ದಂಡೆ. ಗಾಜನೂರಿನಿಂದ ಹೊರಡುವ ತುಂಗಾ ಚಾನಲ್ ಪಕ್ಕದಲ್ಲಿ ಇಲಾಖೆಯ ಜೀಪು ಓಡಾಡುವ ಮಣ್ಣಿನ ದಾರಿ ಇದೆ. ನೀರು ಹರಿಯಬೇಕಲ್ಲ, ಆದ್ದರಿಂದ ಏರು–ಇಳಿತ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಕೆಲವು ಕಡೆ ಏರಿ ಕುಸಿದಿದೆ, ಕೆಲವು ಕಡೆ ಮುಳ್ಳುಪೊದೆ ಮುಚ್ಚಿದೆ, ನಡುನಡುವೆ ಊರಿನ ರಸ್ತೆಗೆ ಇಳಿದು ಮತ್ತೆ ಹತ್ತಬೇಕು. ತಡೆಗೋಡೆ ಇಲ್ಲ, ಈಜು ಬಾರದವರು ನೀರಿನಿಂದ ದೂರದ ಅಂಚಿನಲ್ಲೇ ತುಳಿಯಿರಿ. ಆ ಏರಿಗೆ ಒಂದಿಷ್ಟು ಗ್ರಾವೆಲ್ ಹಾಕಿ, ನೀರಿನ ಪಕ್ಕ ಬೇಲಿ ಹಾಕಿದರೆ ಶಿವಮೊಗ್ಗದವರು ಭಾನುವಾರ ಎಲ್ಲಿಗೆ ಹೋಗೋದು ಅಂತ ಕೇಳಬೇಕಾಗಿಲ್ಲ. ಯಾರಿಗೆ ಹೇಳೋಣ!

ವಿನೋಬನಗರದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಲ್ಯಾಬಿನ ಅಕ್ಕ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಹೇಳಬಾರದಿತ್ತು. ಈಗ ಟೆಂಟ್ ಅಟ್ಟದ ಮೇಲೆ ಇದೆ. ಇಳಿಸುವ ಪ್ರಯತ್ನ ನಡೀತಿದೆ.

ಹೊಳೆ ಕಡೆಯಿಂದ ಹೋಗಿ ರೈಲಲ್ಲಿ ಬರುವ ಪ್ಲ್ಯಾನೇ ಸರಿ. ಇನ್ನು ಮೂರು ಅನುಮಾನ. ಹಿನ್ನೀರಿನ ಪಕ್ಕ ಒಂದು ರಾತ್ರಿಯಾದರೂ ಟೆಂಟಲ್ಲಿ ಮಲಗಲು ಪರ್ಮಿಷನ್ ಇರುವ ಜಾಗ ಇದೆಯಾ? ಸಿಗಂದೂರು ಸೇತುವೆ ಮೇಲೆ ಸೈಕಲ್ ಹೋಗುತ್ತಾ? ತಾಳಗುಪ್ಪದಲ್ಲಿ ರೈಲಿಗೆ ಸೈಕಲ್ ಹಾಕೋದು ಹೇಗೆ?

ಆನಂದಪುರದ ಪಂಚರ್ ಅಂಗಡಿ

ಅಮ್ಮನಿಗೆ ಹೊನ್ನೆಮರಡು ಅಂತ ಹೇಳಿ, ಒಪ್ಪಬಹುದು. ತಾಳಗುಪ್ಪದಿಂದ ಒಳಗೆ, ಶರಾವತಿ ಹಿನ್ನೀರಿನ ದಡ. ಅಲ್ಲಿ ದೋಣಿ, ಈಜು ಎಲ್ಲ ಕಲಿಸುವ ಕೇಂದ್ರ ಇದೆ, ಟೆಂಟಿನಲ್ಲಿ ಉಳಿಸುತ್ತಾರೆ. ಮೊದಲೇ ಮಾತಾಡಿ ಹೋಗಬೇಕು, ಸೀದಾ ಹೋಗಿ ನಿಂತರೆ ಆಗಲ್ಲ. ಕುಡಿದು ಗಲಾಟೆ ಮಾಡುವವರಿಗೆ ಅಲ್ಲಿ ಜಾಗ ಇಲ್ಲ, ಅದು ನನಗೆ ಇಷ್ಟವಾದ ವಿಷಯ. ಇನ್ನೊಂದು, ಕಾರ್ಗಲ್ ಕಡೆ ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯದೇ ಕ್ಯಾಂಪ್ ಇದೆ, ಅದಕ್ಕೂ ಬುಕಿಂಗ್ ಬೇಕು. ಎಲ್ಲಿ ಹೋದರೂ ಒಲೆ ಹಚ್ಚುವ ಆಸೆ ಬಿಡಿ. ಅವಲಕ್ಕಿ ಒಯ್ಯಿರಿ. ಸಾಗರದಲ್ಲಿ ಮೊಸರು, ಉಪ್ಪಿನಕಾಯಿ ಸಿಗುತ್ತದೆ, ನೆನೆಸಿ ಕಲಸಿದರೆ ಊಟ ಆಯಿತು. ಗ್ಯಾಸಿನ ಸಣ್ಣ ಡಬ್ಬಿ ಇದ್ದರೆ ವಾಪಸ್ ಬರುವಾಗ ರೈಲಿನಲ್ಲಿ ತರುವ ಹಾಗಿಲ್ಲ, ಅದೂ ನೆನಪಿರಲಿ.

ಸೇತುವೆ ಮೇಲೆ ಸೈಕಲ್ ಧಾರಾಳವಾಗಿ ಹೋಗುತ್ತದೆ. 2025ರ ಜುಲೈಯಲ್ಲಿ ಓಡಾಟಕ್ಕೆ ಬಿಟ್ಟ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಎರಡೂ ಕಡೆ ನೀರು. ನಿಮ್ಮ ಭಾವನಿಗೆ ಕಳಿಸಲು ಫೋಟೋ ಬೇಕಾದರೆ ಅಲ್ಲೇ ತೆಗೆಯಿರಿ. ಮಧ್ಯಾಹ್ನದ ಮೇಲೆ ಅಡ್ಡಗಾಳಿ ಹೊಡೆಯುತ್ತದೆ, ಕ್ಯಾರಿಯರಿನ ಲೋಡಿಗೆ ಸೈಕಲ್ ವಾಲುತ್ತದೆ, ಬೆಳಗ್ಗೆಯೇ ದಾಟಿ. ಭಾನುವಾರ ಸಿಗಂದೂರಿಗೆ ಹೋಗುವ ಕಾರುಗಳು ಸಾಲುಗಟ್ಟಿರುತ್ತವೆ. ವಾರದ ದಿನ ಆರಿಸಿಕೊಳ್ಳಿ. ಆದರೆ ಹೊನ್ನೆಮರಡು, ಸಿಗಂದೂರು ಎರಡೂ ಬೇರೆ ಬೇರೆ ದಿಕ್ಕು. ಎರಡೂ ಬೇಕು ಅಂದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಈ ಸಲಕ್ಕೆ ಹೊನ್ನೆಮರಡು ಸಾಕು.

ರೈಲು: ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ಗಾರ್ಡಿನ ಲಗೇಜ್ ಡಬ್ಬಿಗೆ, ಹಾಕಬೇಕು. ತಾಳಗುಪ್ಪ ಕೊನೇ ಸ್ಟೇಷನ್, ಗಾಡಿ ಅಲ್ಲಿಂದಲೇ ಹೊರಡುವುದರಿಂದ ಹತ್ತಿಸಲು ಸಮಯ ಸಿಗುತ್ತದೆ. ಅದಕ್ಕೇ ಅಲ್ಲಿಂದ ಹತ್ತಿ ಅಂದದ್ದು. ಅರಸಾಳಿನಂಥ ಸಣ್ಣ ಸ್ಟೇಷನ್‌ನಲ್ಲಿ ಗಾಡಿ ನಿಂತ ಹಾಗೆ ಮಾಡಿ ಹೋಗಿಬಿಡುತ್ತದೆ. ಹಿಂದಿನ ದಿನವೇ ಹೋಗಿ ಯಾವ ಗಾಡಿಗೆ ಲಗೇಜ್ ತಗೋತಾರೆ ಅಂತ ಸ್ಟೇಷನ್ ಮಾಸ್ಟರನ್ನು ಕೇಳಿಕೊಳ್ಳಿ. ಆಧಾರ್ ಕಾರ್ಡಿನ ಜೆರಾಕ್ಸ್ ಜೊತೆಗಿರಲಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚುವಾಗ ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ ಇನ್ನಷ್ಟು ಬಿಗಿ ಮಾಡಿಕೊಂಡು ಬರುವವರು ಬೇಕಾದಷ್ಟು ಜನ. 15ರ ಸ್ಪ್ಯಾನರ್ ತೆಳ್ಳಗಿರುವುದು ಬೇಕು, ನಿಮ್ಮ ಹತ್ತಿರ ಇಲ್ಲದಿದ್ದರೆ ಆನಂದಪುರ ದಾಟುವಾಗ ನನ್ನಲ್ಲಿ ಇಸ್ಕೊಂಡು ಹೋಗಿ, ಆಮೇಲೆ ಬಸ್ಸಿನವರ ಕೈಲಿ ಕಳಿಸಿದರೆ ಸಾಕು. ಮಂಗಳವಾರ ಮಧ್ಯಾಹ್ನದ ಮೇಲೆ ಅಂಗಡಿ ಇರಲ್ಲ.